ಕಾರು ಹತ್ತಿದವರೆಲ್ಲ ಸಾಕ್ಷಿ ಹೇಳಿದ ದಿನ

ಕ್ರಿಮಿನಲ್ ವಕೀಲರ ಆಫೀಸಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರೆಲ್ಲ ನಾಳೆಯೇ ಒಂದು ಕೊಲೆ ಕೇಸು ಬರುತ್ತದೆ ಎಂದುಕೊಂಡು ಬರುತ್ತಾರೆ. ನಾನೂ ಹಾಗೇ ಬಂದವಳು. ಇಪ್ಪತ್ತೆರಡು ವರ್ಷ ಐರ್ಲೆಂಡಿನ ಡ್ರೋಹೆಡಾ ಊರಿನಲ್ಲಿ ಆರೋಪಿಗಳ ಪರವಾಗಿ ಫೈಲು ಹೊತ್ತೆ. ಒಂದು ಕೊಲೆಯೂ ನಮ್ಮ ಮೆಟ್ಟಿಲು ಹತ್ತಲಿಲ್ಲ. ಹತ್ತಿದ್ದು ಚಿಪ್ಸ್ ಅಂಗಡಿಯ ಜಗಳ, ಬೇರೆಯವರ ಸೈಕಲ್ಲು, ಪಕ್ಕದ ಮನೆಯ ಬೇಲಿ, ಮತ್ತೆ ಓಡಿಸಬಾರದವರು ಓಡಿಸಿದ ಕಾರುಗಳು. ಈ ದೇಶದಲ್ಲಿ ಕಾರಿನ ತಪ್ಪಿಗೂ ಸಮನ್ಸು ಬರುತ್ತದೆ, ಕಳ್ಳರು ನಿಲ್ಲುವ ಕೋರ್ಟಿನಲ್ಲೇ ಸಾಲಿನಲ್ಲಿ ನಿಲ್ಲಬೇಕು. ನಿವೃತ್ತಿಯಾದ ಮೇಲೆ ಕೆಲವು ಹೊಸಬರು ‘ಆಂಟಿ, ಈ ಕೆಲಸ ಹೇಗಿರುತ್ತೆ’ ಎಂದು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಹೊಗಳಿಕೆಗೆ ಬೇಕಾದದ್ದು ಇದರಲ್ಲಿ ಕಡಿಮೆ.

ತುಮಕೂರಿನಲ್ಲಿ ನಾಲ್ಕು ವರ್ಷ ಜೂನಿಯರ್ ವಕೀಲೆಯಾಗಿದ್ದ ನನಗೆ ಇಲ್ಲಿ ಸಿಕ್ಕಿದ್ದು ಗುಮಾಸ್ತೆಯ ಕೆಲಸ. ಕಾರ್ಡಿನ ಮೇಲೆ ‘ಲೀಗಲ್ ಎಕ್ಸಿಕ್ಯೂಟಿವ್’ ಎಂದಿತ್ತು. ಕೋರ್ಟಿನಲ್ಲಿ ಬಾಯಿ ಬಿಡುವ ಹಕ್ಕಿರಲಿಲ್ಲ, ಅದು ನನಗೆ ದೊಡ್ಡ ಶಿಕ್ಷೆ. ನಮ್ಮ ಆಫೀಸು ಕ್ಷೌರದಂಗಡಿಯ ಮೇಲಿನ ಎರಡು ಕೋಣೆ. ಯಜಮಾನಿ ಬ್ರೀಡಾ, ಆರಡಿ ಎತ್ತರದ ಹೆಂಗಸು, ಕೋಟಿನ ಜೇಬಿನಲ್ಲಿ ಸದಾ ಬಿಸ್ಕತ್ತು. ಜಡ್ಜ್ ಬೈದರೆ ಒಂದು, ಪೊಲೀಸರು ಬೈದರೆ ಅರ್ಧ ತಿನ್ನುವಳು. ಮೊದಲ ದಿನವೇ ಅವಳು ನನಗೆ ಹೇಳಿದ ಪಾಠ ಇಷ್ಟೇ: "ವಿಮ್ಲಾ, ಕಕ್ಷಿದಾರನಿಗೆ ಪ್ರಶ್ನೆ ಕೇಳು. ಆಮೇಲೆ ಸುಮ್ಮನಿರು. ಉತ್ತರ ಅವನದು." ಮೊದಲರ್ಧ ನನಗೆ ಚೆನ್ನಾಗಿ ಬರುತ್ತಿತ್ತು.

ಸುಮ್ಮನಿರುವುದು ನಮ್ಮ ಜನಕ್ಕೇ ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು ಠಾಣೆಯಲ್ಲಿ. ಇಲ್ಲಿ ಪೊಲೀಸರನ್ನು ಗಾರ್ಡಾ ಎನ್ನುತ್ತಾರೆ. ಅವರು ವಿಚಾರಣೆಗೆ ಕೂರಿಸುವ ಮೊದಲು ‘ನೀವು ಏನನ್ನೂ ಹೇಳಬೇಕಾಗಿಲ್ಲ’ ಎಂದು ಅವರೇ ಹೇಳಿಬಿಡುತ್ತಾರೆ. ಇಂಥ ಒಳ್ಳೆಯ ಮಾತು ಯಾವ ಊರಿನ ಪೊಲೀಸರು ಹೇಳುತ್ತಾರೆ, ಹೇಳಿ. ಮಾಸ್ಟರ್ಸ್ ಓದಲು ಬಂದ ಮೈಸೂರಿನ ಹುಡುಗನೊಬ್ಬ ಚಿಪ್ಸ್ ಅಂಗಡಿಯ ಕ್ಯೂನಲ್ಲಿ ಜಗಳವಾಡಿ ಒಬ್ಬನ ಶೂ ಮೇಲೆ ಚಿಪ್ಸಿಗೆ ಹಾಕುವ ಕರ್ರಿ ಸಾಸ್ ಸುರಿದಿದ್ದ. ಬ್ರೀಡಾ ಅವನನ್ನು ಪಕ್ಕಕ್ಕೆ ಕರೆದು, ಏನು ಕೇಳಿದರೂ ‘ನೋ ಕಾಮೆಂಟ್’ ಅನ್ನು ಎಂದು ಮೂರು ಸಲ ಹೇಳಿಕೊಟ್ಟಳು. ಅವನು ತಲೆಯಾಡಿಸಿದ.

ಒಳಗೆ ಹೋದ ಮೇಲೆ ಗಾರ್ಡಾ ಮೊದಲ ಪ್ರಶ್ನೆ ಕೇಳಿದರು. ಹುಡುಗ, "ನೋ ಕಾಮೆಂಟ್ ಸರ್. ಬೇಜಾರು ಮಾಡ್ಕೋಬೇಡಿ, ಮೇಡಂ ಹಾಗೆ ಹೇಳ್ಕೊಟ್ಟಿದಾರೆ" ಎಂದ. ಎರಡನೆಯ ಪ್ರಶ್ನೆಗೂ ಅದೇ, ಜೊತೆಗೆ ಎರಡು ‘ಸಾರಿ ಸರ್’. ಮೂರನೆಯದಕ್ಕೆ ಅವನ ಮುಖ ಚಿಕ್ಕದಾಯಿತು. "ಅಲ್ಲ, ಅವರು ಪಾಪ ಅಷ್ಟು ಕೇಳ್ತಿದಾರೆ, ನಾವು ಹೇಳ್ದೆ ಇದ್ರೆ ಚೆನ್ನಾಗಿರಲ್ಲ ಅಲ್ವಾ" ಎಂದು ನನ್ನ ಕಡೆ ತಿರುಗಿ, ಶುರುವಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿ, ಸಾಸ್ ಯಾವ ಸೈಜಿನ ಕಪ್ಪಿನಲ್ಲಿತ್ತು ಎಂಬುದನ್ನೂ ಕೈಯಲ್ಲಿ ತೋರಿಸಿದ. ಬ್ರೀಡಾ ಒಂದೂವರೆ ಬಿಸ್ಕತ್ತು ತಿಂದಳು. ಪುಣ್ಯಕ್ಕೆ ಶೂ ಹಾಕಿದ್ದವನು ಕೋರ್ಟಿಗೆ ಬರಲೇ ಇಲ್ಲ, ಕೇಸು ಬಿದ್ದುಹೋಯಿತು.

ಕೆಲಸದ ರೀತಿ ಎಷ್ಟು ಬದಲಾಯಿತೆಂದರೆ, ನಾನು ಸೇರಿದಾಗ ಫೈಲಿಗೆ ದಾರ ಕಟ್ಟುತ್ತಿದ್ದೆವು, ಬಿಡುವಾಗ ಎಲ್ಲ ಕಂಪ್ಯೂಟರಿನೊಳಗೆ. ಜೈಲಿನಲ್ಲಿರುವವರ ಜೊತೆ ಪರದೆಯ ಮೇಲೆ ಮಾತು. ಒಮ್ಮೆ ಹೀಗೇ ವಿಡಿಯೋ ಲಿಂಕ್ ತೆರೆದಿಟ್ಟು, ಮೈಕು ಮುಚ್ಚಿದೆ ಎಂದುಕೊಂಡು ನಮ್ಮೆಜಮಾನರಿಗೆ ಫೋನಿನಲ್ಲಿ ಸಾರಿಗೆ ಉಪ್ಪು ಹಾಕಿದ್ದೀನಿ, ಮತ್ತೆ ಹಾಕಬೇಡಿ ಎಂದು ಐದು ನಿಮಿಷ ಗದರಿದ್ದೇನೆ. ಪರದೆಯ ಆ ಕಡೆಯಿದ್ದ ಆರೋಪಿ ಕನ್ನಡ ಬಾರದಿದ್ದರೂ ಹೆದರಿ ತಪ್ಪು ಒಪ್ಪಿಕೊಳ್ಳುತ್ತೇನೆ ಎಂದುಬಿಟ್ಟ. ಅವನನ್ನು ಸಮಾಧಾನ ಮಾಡಲು ಬ್ರೀಡಾಗೆ ಅರ್ಧ ಗಂಟೆ ಹಿಡಿಯಿತು.

ಇವೆಲ್ಲ ನಗುವ ವಿಷಯ. ಈಗ ಹೇಳುವುದೂ ನಗುವ ವಿಷಯವೇ, ಆದರೆ ನೆನೆದರೆ ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮಂಜುನಾಥ ಹಾಸನದವನು. ಡಬ್ಲಿನ್ನಿನಲ್ಲಿ ಓದಿ, ಅಲ್ಲೇ ಕೆಲಸ ಹಿಡಿದು, ಬಾಡಿಗೆ ಕಮ್ಮಿ ಎಂದು ನಮ್ಮೂರಿನಲ್ಲಿ ಮನೆ ಮಾಡಿದ್ದ. ಮೂವತ್ತು ದಾಟಿದ ಮೆತ್ತಗಿನ ಪ್ರಾಣಿ. ಒಂದು ಹಳೆ ಕೆಂಪು ಕಾರು ಕೊಂಡಿದ್ದ, ಕಲಿಯುವವರ ಪರ್ಮಿಟ್ ಮಾತ್ರ ಇತ್ತು. ಕಲಿಯುವವನು ಕಾರು ಓಡಿಸಬೇಕೆಂದರೆ ಪೂರ್ತಿ ಲೈಸೆನ್ಸ್ ಇರುವವರು ಪಕ್ಕದಲ್ಲಿ ಕೂತಿರಬೇಕು. ಒಂದು ಸಂಜೆ ಅವನು ಒಬ್ಬನೇ ಬರುವಾಗ ಗಾರ್ಡಾ ತಡೆದರು. ಸಮನ್ಸು ಬಂತು. ಅವನು ಅದನ್ನು ದೇವರ ಮುಂದಿಟ್ಟು ಅರಿಸಿನ ಕುಂಕುಮ ಹಚ್ಚಿ ನನ್ನ ಹತ್ತಿರ ತಂದ. ಬ್ರೀಡಾ ಆ ಕೆಂಪು ಗುರುತನ್ನು ನೋಡಿ, "ಯಾರಿಗಾದರೂ ಪೆಟ್ಟಾಗಿದೆಯಾ?" ಎಂದು ಗಾಬರಿಯಾದಳು.

ಪೆಟ್ಟು ಆಗುವುದಿದ್ದದ್ದು ಅವನಿಗೇ. ಮಂಜು ಐರಿಷ್ ಪೌರತ್ವಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದ. ಅದಕ್ಕೆ ಒಳ್ಳೆಯ ನಡತೆ ಬೇಕು. ಕೋರ್ಟಿನಲ್ಲಿ ಶಿಕ್ಷೆ ದಾಖಲಾದರೆ ಅರ್ಜಿ ನಿಂತಲ್ಲೇ ನಿಲ್ಲಬಹುದು, ತಿರುಗಿಯೂ ಬರಬಹುದು. ತಪ್ಪು ಮಾಡಿದ್ದಾನೆ, ಆದರೆ ಶಿಕ್ಷೆ ದಾಖಲಿಸುವುದು ಬೇಡ ಎಂದು ಜಡ್ಜ್ ಹೇಳಿದರೆ ಮಾತ್ರ ಬಚಾವು. ಹಾಗೆ ಹೇಳಿಸುವುದೇ ನಮ್ಮ ಕೆಲಸ.

ನಾನು ಅವನನ್ನು ಎದುರು ಕೂರಿಸಿಕೊಂಡು ಕೇಳಿದೆ. "ಒಬ್ಬನೇ ಓಡಿಸಿದ್ದು ಅದೇ ಮೊದಲನೇ ಸಲ ತಾನೇ?"

ಅವನು ಬಾಯಿ ತೆರೆದ. ನಾನು ಕಾಯಬೇಕಿತ್ತು, ಕಾಯಲಿಲ್ಲ. "ಮೊದಲನೇ ಸಲ ಅಂತ ಬರ್ಕೋತೀನಿ" ಎಂದು ಬರೆದೇಬಿಟ್ಟೆ. ಅವನು ತೆರೆದ ಬಾಯಿಯನ್ನು ಮುಚ್ಚಿ, "ಹೂಂ ಆಂಟಿ, ನೀವು ಹೇಗೆ ಹೇಳ್ತೀರೋ ಹಾಗೆ" ಎಂದ.

ನಮ್ಮ ಮಕ್ಕಳಿಗೆ ಹಿರಿಯರ ಮಾತಿಗೆ ಇಲ್ಲ ಅನ್ನುವುದನ್ನು ಯಾರೂ ಕಲಿಸಿಲ್ಲ. ಕಲಿಸಬೇಕಾದ ಹಿರಿಯಳು ಪೆನ್ನು ಹಿಡಿದು ಕೂತಿದ್ದಳು.

ಜಡ್ಜ್ ಮುಂದೆ ನಡತೆಗೆ ಸಾಕ್ಷಿ ಹೇಳಲು ಒಬ್ಬಿಬ್ಬರು ಗೌರವಸ್ಥರು ಬೇಕು ಎಂದಳು ಬ್ರೀಡಾ. ಅದನ್ನು ನನಗೆ ಬಿಡಿ ಎಂದೆ. ಸಾಕ್ಷಿಗಳನ್ನು ಮುಂಚೆ ಕೂರಿಸಿ ಏನು ಹೇಳುತ್ತಾರೆಂದು ಕೇಳಿ ನೋಡುವುದು ಈ ವೃತ್ತಿಯ ಅಕ್ಷರಾಭ್ಯಾಸ. ನಾನು ಕೇಳಲಿಲ್ಲ. ನಮ್ಮವರೇ ಅಲ್ಲವೇ, ಹೊಗಳುವುದನ್ನು ಅವರಿಗೆ ಕಲಿಸಬೇಕೆ ಎಂದುಕೊಂಡೆ. ಮಂಜು ಮಾತ್ರ ಎರಡು ಸಲ, "ಆಂಟಿ, ಸಾಕ್ಷಿ ಬೇಕೇ ಬೇಕಾ?" ಎಂದು ಕೇಳಿದ. ಸುಮ್ಮನೆ ಇರಪ್ಪ, ಎಲ್ಲಾ ಸರಿಹೋಗುತ್ತೆ ಎಂದು ಅವನ ಬಾಯಿ ಮುಚ್ಚಿಸಿದೆ.

ಮೊದಲ ಸಾಕ್ಷಿ ನಾಗೇಂದ್ರ, ನಮ್ಮ ಕನ್ನಡ ಸಂಘದ ಅಧ್ಯಕ್ಷರು. ಡಬ್ಲಿನ್ನಿನ ಗ್ರ್ಯಾಂಡ್ ಕೆನಾಲ್ ಡಾಕ್‌ನಲ್ಲಿ ದುಬಾರಿ ಫ್ಲ್ಯಾಟು, ಬಾಗಿಲಿಗೇ ರೈಲು, ಹಾಗಾಗಿ ಕಾರಿಲ್ಲ. ಮೈಕು ಕಂಡರೆ ಬಿಡುವ ಮನುಷ್ಯನಲ್ಲ. ಅವರು ಲ್ಯಾಮಿನೇಟ್ ಮಾಡಿಸಿದ ಸನ್ಮಾನ ಪತ್ರವನ್ನೇ ಇಂಗ್ಲಿಷಿಗೆ ತಿರುಗಿಸಿಕೊಂಡು ಬಂದಿದ್ದರು. ಕೈಯಲ್ಲೊಂದು ಚೀಲದ ಸಮೇತ ಕಟಕಟೆ ಹತ್ತಿ, ಪ್ರಮಾಣ ಮಾಡಿ, ಗಂಟಲು ಸರಿಮಾಡಿಕೊಂಡು, "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ" ಎಂದು ಶುರುಮಾಡಿದರು. ಜಡ್ಜ್ ಎಡಕ್ಕೂ ಬಲಕ್ಕೂ ನೋಡಿದರು. ವೇದಿಕೆಯ ಮೇಲೆ ಅವರೊಬ್ಬರೇ ಇದ್ದರು.

"ಆ ಚೀಲದಲ್ಲಿ ಏನಿದೆ?" ಎಂದು ಜಡ್ಜ್ ಕೇಳಿದರು.

"ಶಾಲು ಮತ್ತು ಪೇಟ ಸರ್. ಕಾರ್ಯಕ್ರಮ ಮುಗಿದ ಮೇಲೆ ತಮಗೆ" ಎಂದರು ನಾಗೇಂದ್ರ. ಚೀಲವನ್ನು ಹೊರಗೆ ಒಯ್ಯಲಾಯಿತು.

ಆಮೇಲೆ ನಾಗೇಂದ್ರ ಕಾಗದ ಬಿಟ್ಟು ಮನಸ್ಸಿನಿಂದಲೇ ಮಾತಾಡಿದರು. ಅದೇ ಆಪತ್ತು. "ಇಂಥ ಹುಡುಗ ಸಿಗೋದಿಲ್ಲ ಸರ್. ಮೂರು ವರ್ಷದಿಂದ ನಮ್ಮ ಗಣಪತೀನ ಡಬ್ಲಿನ್ನಿಂದ ತಂದಿದ್ದೂ ಇವನೇ, ಮುಳುಗಿಸೋಕೆ ತಗೊಂಡ್ ಹೋಗಿದ್ದೂ ಇವನೇ. ತನ್ನ ಕಾರಲ್ಲೇ."

ಸರ್ಕಾರದ ಪರ ನಿಂತಿದ್ದ ಸಾರ್ಜೆಂಟ್ ಪೆನ್ನಿನ ಮುಚ್ಚಳ ತೆಗೆದು, ಬಹಳ ಮರ್ಯಾದೆಯಿಂದ ಕೇಳಿದರು. "ಕಾರಿನಲ್ಲಿ ಬೇರೆ ಯಾರಿದ್ದರು?"

"ಗಣಪತಿ. ಮುಂದಿನ ಸೀಟಲ್ಲಿ."

"ಅವರ ಬಳಿ ಪೂರ್ತಿ ಲೈಸೆನ್ಸ್ ಇದೆಯೇ?"

"ದೇವರು ಸರ್ ಅದು, ವಿಗ್ರಹ" ಎಂದರು ನಾಗೇಂದ್ರ. ಸಾರ್ಜೆಂಟ್ ಬರೆದುಕೊಳ್ಳುವುದನ್ನು ಕಂಡು, ಸಹಾಯವಾಗಲಿ ಎಂದು ಸೇರಿಸಿದರು. "ಸೀಟ್ ಬೆಲ್ಟ್ ಹಾಕಿದ್ವಿ."

ಬ್ರೀಡಾ ಬಿಸ್ಕತ್ತಿಗೆ ಕೈಹಾಕಿದಳು. ಇನ್ನೊಬ್ಬ ಸಾಕ್ಷಿ ಬೇಡ ಎಂದು ನಾನು ಅವಳ ತೋಳು ಹಿಡಿದೆಳೆಯುವಷ್ಟರಲ್ಲಿ ಲತಾ ತಾನೇ ಎದ್ದು ಹೋಗಿ ಕಟಕಟೆಯಲ್ಲಿ ನಿಂತಾಗಿತ್ತು. ಲತಾ ಇಲ್ಲಿನ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಗಂಡನಿಗೆ ಮೂರು ಗಂಟೆ ದಾರಿಯ ಕಾರ್ಕ್ ಊರಿನಲ್ಲಿ ಕೆಲಸ, ವಾರಕ್ಕೊಮ್ಮೆ ಮನೆಗೆ ಬರುವವನು. ನಾಗೇಂದ್ರ ಕೆಡಿಸಿದ್ದನ್ನು ತಾನು ಸರಿಮಾಡಬೇಕೆಂದು ಅವಳಿಗೆ ಆವೇಶ.

"ಜಡ್ಜ್, ನನಗೆ ಹೆರಿಗೆ ನೋವು ಬಂದಾಗ ಮನೆಯವರು ಕಾರ್ಕ್‌ನಲ್ಲಿದ್ರು. ಫೋನ್ ಮಾಡಿದ ಎಂಟು ನಿಮಿಷಕ್ಕೆ ಮಂಜು ಬಂದ. ಒಂದು ಗುಂಡೀಲೂ ಕಾರು ಎತ್ತಿ ಹಾಕ್ಲಿಲ್ಲ."

"ಆಂಬುಲೆನ್ಸ್ ಕರೆಯಲಿಲ್ಲವೇ?" ಎಂದರು ಜಡ್ಜ್.

"ಮಂಜು ಇದ್ನಲ್ಲ" ಎಂದಳು ಲತಾ, ಇದೇನು ಪ್ರಶ್ನೆ ಎನ್ನುವ ಹಾಗೆ. "ಮಗೂನ ಮನೆಗೆ ಕರ್ಕೊಂಡ್ ಬಂದಿದ್ದೂ ಅವನೇ. ಇಂಜೆಕ್ಷನ್‌ಗೆ ಕರ್ಕೊಂಡ್ ಹೋಗಿದ್ದೂ ಅವನೇ. ನನ್ನ ಡ್ಯೂಟಿಗೆ ಬಿಡೋದು ಈಗ್ಲೂ ಅವನೇ, ಮೊನ್ನೆ ಗುರುವಾರನೂ ಬಿಟ್ಟ."

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲ ಎಂದು ನಮ್ಮಲ್ಲಿ ಗಾದೆಯಿದೆ. ಇಲ್ಲಿ ಹೆರುವವಳಿಗೆ ಜಾಗ ಸಿಕ್ಕಿತ್ತು, ಕರೆದುಕೊಂಡು ಹೋದವನಿಗೆ ಇರಲಿಲ್ಲ.

ಜಡ್ಜ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದು ಒಂದೇ ಒಂದು ಸಲ ಆದ ತಪ್ಪು ಎಂದು ನನ್ನ ಮುಂದೆ ಹೇಳಲಾಗಿದೆ. ಈ ಕೋಣೆಯಲ್ಲಿ ಈತನ ಕಾರು ಹತ್ತದ ಭಾರತೀಯರು ಯಾರಾದರೂ ಇದ್ದಾರೆಯೇ?"

ಯಾರೂ ಕೈಯೆತ್ತಲಿಲ್ಲ. ನಾನೂ ಎತ್ತಲಿಲ್ಲ, ಏಕೆಂದರೆ ಆ ಗಳಿಗೆಯಲ್ಲಿ ನನಗೆ ನೆನಪಾಯಿತು. ಲೈಸೆನ್ಸೇ ಇಲ್ಲದ ನಾನೂ ಹತ್ತಿದ್ದೆ. ಒಂದಲ್ಲ, ಎಷ್ಟೋ ಸಲ. ಮಡಿಲಲ್ಲಿ ಪಾತ್ರೆ ಇಟ್ಟುಕೊಂಡು ಕೂತವರು ಡ್ರೈವರಿನ ಲೈಸೆನ್ಸ್ ಕೇಳುತ್ತಾರೆಯೇ? ಇಪ್ಪತ್ತು ವರ್ಷ ಇದೇ ಕಾನೂನಿನ ಫೈಲು ಕಟ್ಟಿದವಳಿಗೆ ಒಂದು ದಿನವೂ ಕೇಳಬೇಕೆನ್ನಿಸಿರಲಿಲ್ಲ.

ಜಡ್ಜ್ ಮಂಜುವನ್ನೇ ಕೇಳಿದರು. "ಆ ಸಂಜೆ ಎಲ್ಲಿಂದ ಬರುತ್ತಿದ್ದಿರಿ?"

"ಒಬ್ಬರನ್ನ ಮನೆಗೆ ಬಿಟ್ಟು ಬರ್ತಿದ್ದೆ."

"ಯಾರನ್ನು?"

ಮಂಜು ನೆಲ ನೋಡಿದ. ಜಡ್ಜ್ ಇನ್ನೊಮ್ಮೆ ಕೇಳಿದರು. ಅವನು ಇನ್ನಷ್ಟು ಕೆಳಗೆ ನೋಡಿದ. ಉತ್ತರ ಹೇಳದಿದ್ದರೆ ಜಡ್ಜ್‌ಗೆ ಕೋಪ ಬರುತ್ತದೆ ಎಂದು ಅವನಿಗೂ ಗೊತ್ತು, ಅವನ ಕಿವಿ ಕೆಂಪಗಾಗಿತ್ತು. ಆಗ ಸಾರ್ಜೆಂಟ್ ನೋಟ್ ಪುಸ್ತಕ ತಿರುವಿ ಓದಿದರು. "ಹಿಂದಿನ ಸೀಟಿನಲ್ಲಿ ದೊಡ್ಡದೊಂದು ಸ್ಟೀಲ್ ಮುಚ್ಚಳವಿತ್ತು. ಯಾರದೆಂದು ಕೇಳಿದ್ದಕ್ಕೆ ಆರೋಪಿ, ‘ಮರೆತು ಹೋಗಿದ್ದಾರೆ, ಅವರ ಹೆಸರು ಬೇಡ’ ಎಂದರು."

ಅಂದು ಸಂಘದ ಯುಗಾದಿ ಊಟಕ್ಕೆ ನಾನು ಐವತ್ತು ಜನಕ್ಕೆ ಬಿಸಿಬೇಳೆಬಾತ್ ಮಾಡಿಕೊಂಡು ಹೋಗಿದ್ದೆ. ಪಾತ್ರೆ ಮನೆಗೆ ಬಂತು, ಮುಚ್ಚಳ ಬರಲಿಲ್ಲ. ಸಂಘದವರ ಮೇಲೆಲ್ಲ ಸಂಶಯಪಟ್ಟು, ಲತಾಳ ಅಡಿಗೆಮನೆಗೇ ಹೋಗಿ ಕಣ್ಣಾಡಿಸಿ ಬಂದಿದ್ದೆ. ನನ್ನನ್ನು ಮನೆ ಬಾಗಿಲಿಗೆ ಇಳಿಸಿ ತಿರುಗಿದ ಐದು ನಿಮಿಷದಲ್ಲಿ ಅವನು ಸಿಕ್ಕಿಬಿದ್ದಿದ್ದ. ಸಮನ್ಸಿನಲ್ಲಿ ನಮ್ಮ ರಸ್ತೆಯ ಹೆಸರಿತ್ತು. ನಾನೇ ಅದನ್ನು ನೋಡಿ ನಮ್ಮ ಫೈಲಿಗೆ ಟೈಪ್ ಮಾಡಿದ್ದೆ.

ಎದ್ದು ನಿಂತೆ. ಕೋರ್ಟಿನಲ್ಲಿ ಮಾತಾಡುವ ಹಕ್ಕಿಲ್ಲದವಳು ಮಾತಾಡಿದೆ. "ಜಡ್ಜ್, ಅದು ನನ್ನ ಮುಚ್ಚಳ."

ಬ್ರೀಡಾ ಕಣ್ಣು ಮುಚ್ಚಿದಳು.

"ತಾವು ಆರೋಪಿಯ ಪರ ಆಫೀಸಿನವರಲ್ಲವೇ?"

"ಹೌದು. ಮೊದಲನೇ ಸಲ ಅಂತ ಅವನು ಹೇಳಿದ್ದಲ್ಲ. ನಾನು ಬರೆದದ್ದು. ಅವನ ಬಾಯಿಂದ ಬರೋ ಮೊದಲು ನಾನೇ ಬರೆದುಬಿಟ್ಟೆ, ಬ್ರೀಡಾಗೂ ಗೊತ್ತಿಲ್ಲ. ದೊಡ್ಡವರು ಹೇಳಿದ ಮೇಲೆ ಇಲ್ಲ ಅನ್ನೋಕೆ ನಮ್ಮ ಹುಡುಗರಿಗೆ ಬರೋದಿಲ್ಲ. ಅವನು ಎಲ್ಲಿಗೂ ತನಗಾಗಿ ಕಾರು ತೆಗೆದವನಲ್ಲ. ನಾವೆಲ್ಲ ಫೋನ್ ಮಾಡಿದ್ವಿ, ಅವನು ಬಂದ. ತಪ್ಪು ನಮ್ಮದು." ಕೆಲಸ ಹೋಯಿತು ಎಂದೇ ಅಂದುಕೊಂಡಿದ್ದೆ, ಆದರೆ ಅದಕ್ಕಿಂತ ಆ ಹುಡುಗನ ಕೆಂಪು ಕಿವಿ ನನಗೆ ಸಂಕಟ ಮಾಡುತ್ತಿತ್ತು.

ಜಡ್ಜ್ ಕನ್ನಡಕ ಮತ್ತೆ ಹಾಕಿಕೊಂಡರು. ಮೊದಲು ನನಗೆ ಬಿತ್ತು. ನನ್ನ ಬರವಣಿಗೆಯ ಬಗ್ಗೆ ಅವರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನಾನು ತಕ್ಕವಳೇ. ಆಮೇಲೆ ಹೇಳಿದರು. "ನನ್ನ ಮುಂದಿರುವುದು ಒಂದೇ ಸಮನ್ಸು. ಈತ ಒಳ್ಳೆಯ ನೆರೆಯವನೆಂಬುದು ಸಂಶಯಕ್ಕೆಡೆಯಿಲ್ಲದಂತೆ ಸಾಬೀತಾಗಿದೆ. ಚಾಲಕನಾಗಿ ಇನ್ನೂ ಆಗಿಲ್ಲ. ಆರು ತಿಂಗಳ ನಂತರ ಪೂರ್ತಿ ಲೈಸೆನ್ಸಿನೊಂದಿಗೆ ಬರಲಿ, ಆಗ ಶಿಕ್ಷೆ ಬೇಕೋ ಬೇಡವೋ ನೋಡೋಣ. ಅಲ್ಲಿಯವರೆಗೆ ಒಬ್ಬನೇ ಒಂದಡಿಯೂ ಓಡಿಸಬಾರದು. ಸಾಕ್ಷಿಗಳೆಲ್ಲ ಬಸ್ಸು ಹಿಡಿಯಲಿ."

ಬ್ರೀಡಾ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಒಂದು ವಾರ ಮಾತು ಬಿಟ್ಟಳು. ಎಂಟನೆಯ ದಿನ, "ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸು" ಎಂದು ಹೇಳಿ ಒಂದು ಬಿಸ್ಕತ್ತು ಕೊಟ್ಟಳು. ಆ ಮೇಲೆ ಪ್ರತಿ ಶನಿವಾರ ಅವಳೇ ಮಂಜುವಿನ ಪಕ್ಕದ ಸೀಟಿನಲ್ಲಿ ಮೊಣಕಾಲು ಮಡಿಸಿ ಕೂತು ಅಭ್ಯಾಸ ಮಾಡಿಸಿದಳು.

ಮೊದಲನೇ ಟೆಸ್ಟಿನಲ್ಲಿ ಅವನು ಫೇಲಾದ. ಏನಪ್ಪಾ ತಪ್ಪು ಮಾಡಿದೆ ಎಂದರೆ, ರೌಂಡಬೌಟಿನಲ್ಲಿ ನಿಂತು ಬಂದಬಂದವರಿಗೆಲ್ಲ ‘ನೀವು ಹೋಗಿ, ನೀವು ಹೋಗಿ’ ಎಂದು ಕೈ ತೋರಿಸಿದ್ದಾನೆ. ಹನ್ನೊಂದು ಕಾರು, ಒಂದು ಟ್ರ್ಯಾಕ್ಟರು ಹೋದವಂತೆ. ಪರೀಕ್ಷೆ ಮಾಡುವವನು ಕೊನೆಗೆ, ನಾವು ಇವತ್ತು ಮನೆಗೆ ಹೋಗುವ ಯೋಚನೆ ಇದೆಯೇ ಎಂದು ಕೇಳಿದನಂತೆ. ಬ್ರೀಡಾ ತಲೆ ಚಚ್ಚಿಕೊಂಡು, "ನಿನ್ನ ಸರದಿ ಬಂದಾಗ ನೀನು ಹೋಗಬೇಕು ಮಂಜು. ಅದು ಒರಟುತನ ಅಲ್ಲ, ಕಾನೂನು" ಎಂದಳು. ಅವನಿಗೆ ಅದೊಂದು ಕಲಿಯಲು ಎರಡು ತಿಂಗಳು ಬೇಕಾಯಿತು. ಕೋರ್ಟಿನ ತಾರೀಕಿಗೆ ಎರಡು ವಾರ ಇರುವಾಗ ಪಾಸಾದ.

ಆ ದಿನ ನಾವು ಯಾರೂ ಬಾಯಿ ತೆರೆಯಲಿಲ್ಲ. ಜಡ್ಜ್ ಲೈಸೆನ್ಸನ್ನು ತಿರುಗಿಸಿ ನೋಡಿ, ಶಿಕ್ಷೆ ದಾಖಲಿಸುವ ಅಗತ್ಯವಿಲ್ಲ ಎಂದರು. ನನಗೆ ಅಳು ಬಂತು, ಅತ್ತುಬಿಟ್ಟೆ. ಪೌರತ್ವದ ಅರ್ಜಿಗೆ ಈ ವಿಷಯವನ್ನು ಇದ್ದದ್ದು ಇದ್ದ ಹಾಗೆ ಬರೆದು ಕಳಿಸಿದಳು ಬ್ರೀಡಾ. ಈ ಸಲ ನಾನು ಟೈಪ್ ಮಾತ್ರ ಮಾಡಿದೆ. ಕೆಲವು ತಿಂಗಳಿಗೆ ಒಪ್ಪಿಗೆಯೂ ಬಂತು.

ಆದರೆ ನಾನು ಹೇಳಬೇಕೆಂದಿದ್ದದ್ದು ಲೈಸೆನ್ಸ್ ತೋರಿಸಿದ ಆ ದಿನ ಕೋರ್ಟಿನ ಹೊರಗೆ ಆದ ವಿಷಯ. ತುಂತುರು ಹನಿಯುತ್ತಿತ್ತು. ಮಂಜು ಅಭ್ಯಾಸಬಲದಿಂದ ಕೆಂಪು ಕಾರಿನ ನಾಲ್ಕೂ ಬಾಗಿಲು ತೆರೆದು ನಿಂತ. "ಬನ್ನಿ ಆಂಟಿ, ಹತ್ತಿ. ಲತಕ್ಕ, ಮಗೂನ ಕೊಡಿ." ನಾಗೇಂದ್ರ ಆಗಲೇ ಒಂದು ಕಾಲು ಒಳಗಿಟ್ಟಿದ್ದರು. ನಾನು ಅವರ ಕೋಟಿನ ಹಿಂಭಾಗ ಹಿಡಿದು ಎಳೆದೆ.

"ಮಂಜು, ಈ ಕಾರು ತಗೊಂಡಾಗಿಂದ ನಿನಗೆ ಬೇಕಾದ ಕಡೆ ಒಂದು ದಿನನಾದ್ರೂ ಹೋಗಿದೀಯೇನೋ?" ಎಂದು ಕೇಳಿದೆ. ಕೇಳಿ, ಮನಸ್ಸಿನಲ್ಲಿ ಎಣಿಸುತ್ತಾ ನಿಂತೆ. ಏಳಕ್ಕೆ ಬಂದಿದ್ದೆ.

"ಇಲ್ಲ ಆಂಟಿ" ಎಂದ. ಅವನ ಬಾಯಿಂದ ನಾನು ಕೇಳಿದ ಮೊದಲ ‘ಇಲ್ಲ’ ಅದು. "ಸಮುದ್ರ ನೋಡ್ಬೇಕು ಅಂತಿತ್ತು. ಇಲ್ಲೇ ಹದಿನೈದು ನಿಮಿಷ ಅಂತಾರೆ."

"ಹೋಗು. ಒಬ್ಬನೇ ಹೋಗು."

"ನೀವೆಲ್ಲ ಹೇಗೆ ಹೋಗ್ತೀರ?"

"ಜಡ್ಜ್ ಹೇಳಿಲ್ವಾ, ಬಸ್ಸಲ್ಲಿ."

ಅವನು ಒಂದೊಂದೇ ಬಾಗಿಲು ಮುಚ್ಚಿದ. ಮುಚ್ಚುವಾಗ ಪ್ರತಿ ಸಲವೂ ನಮ್ಮನ್ನು ನೋಡಿದ. ಆಮೇಲೆ ಕೂತು, ಕನ್ನಡಿ ಸರಿಮಾಡಿಕೊಂಡು, ಖಾಲಿ ಕಾರು ತೆಗೆದುಕೊಂಡು ಹೊರಟ.

ಬಸ್ ನಿಲ್ದಾಣದಲ್ಲಿ ನಾವು ನಲವತ್ತು ನಿಮಿಷ ನೆನೆದೆವು. ನಾಗೇಂದ್ರ ಜಡ್ಜ್‌ಗೆಂದು ಈ ಸಲವೂ ತಂದಿದ್ದ ಶಾಲನ್ನು ತಲೆಗೆ ಹೊದ್ದುಕೊಂಡು ಬಹಳ ಹೊತ್ತು ಯೋಚಿಸಿ, "ಸಮುದ್ರಕ್ಕಂತೆ. ಮುಂಚೆನೇ ಹೇಳಿದ್ರೆ ನಾವೂ ಜೊತೆಗೆ ಹೋಗಬಹುದಿತ್ತಲ್ಲ" ಎಂದರು.

"ಅದಕ್ಕೇ ಕಣ್ರೀ ಅವನು ಇಷ್ಟು ವರ್ಷ ಹೇಳ್ದೆ ಇದ್ದಿದ್ದು" ಎಂದೆ.